ಲ್ಯಾಪ್‌ಟಾಪ್, ಮೊಬೈಲ್ ರ‍್ಯಾಮ್: ಡಿಡಿಆರ್4ರಿಂದ ಕ್ಯಾಮ್2 ವರೆಗೆ, ಕೊಳ್ಳುವ ಮುನ್ನ ತಿಳಿದಿರಲಿ

ಶಿರಸಿ: ಲ್ಯಾಪ್‌ಟಾಪ್ ನಿಧಾನವಾದರೆ ಅಂಗಡಿಗೆ ಒಯ್ದು ಇನ್ನೊಂದು ರ‍್ಯಾಮ್ ಹಾಕಿಸಿದರಾಯ್ತು ಎನ್ನುವ ಕಾಲ ನಿಧಾನವಾಗಿ ಮುಗಿಯುತ್ತಿದೆ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟರ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿ ಬರುತ್ತಿದೆ. ಕೊಳ್ಳುವ ದಿನ ಎಷ್ಟು ಜಿಬಿ ಇತ್ತೋ ಕೊನೆತನಕ ಅಷ್ಟೇ. ಇತ್ತ ಮೆಮೊರಿ ಬೆಲೆಯೂ 2025ರ ಕೊನೆಯಿಂದ ಜೋರಾಗಿ ಏರಿದೆ. ಮಕ್ಕಳ ಓದಿಗೆ, ಅಂಗಡಿಯ ಬಿಲ್ಲಿಂಗಿಗೆ, ಮನೆಯಿಂದಲೇ ಮಾಡುವ ಕೆಲಸಕ್ಕೆ ಲ್ಯಾಪ್‌ಟಾಪ್ ನೋಡುತ್ತಿರುವವರು ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ಮಾನದಂಡ ಹಾಕುವವರು ಯಾರು?

ಯಾವ ಕಂಪನಿಯ ರ‍್ಯಾಮ್ ತಂದರೂ ಸ್ಲಾಟಿಗೆ ಕೂರುತ್ತದೆ. ಅದಕ್ಕೆ ಕಾರಣ ಜೆಡೆಕ್ ಎಂಬ ಸಂಸ್ಥೆ. 1958ರಲ್ಲಿ ಅಮೆರಿಕದಲ್ಲಿ ಶುರುವಾದ ಇದು ಮೆಮೊರಿಯ ಅಳತೆ, ಪಿನ್ನು, ವೋಲ್ಟೇಜು, ವೇಗ ಎಲ್ಲವನ್ನೂ ನಿಗದಿ ಮಾಡುತ್ತದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಕಂಪನಿಗಳು ಅದರಂತೆ ಚಿಪ್ ಮಾಡುತ್ತವೆ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಈ ಮೂವರದ್ದೇ. ಸ್ಯಾಮ್‌ಸಂಗ್ ಮತ್ತು ಮೈಕ್ರಾನ್‌ಗೆ ಬೆಂಗಳೂರಿನಲ್ಲೂ ವಿನ್ಯಾಸ ಕೇಂದ್ರಗಳಿವೆ.

ಡಿಡಿಆರ್4, ಡಿಡಿಆರ್5: ಒಂದರ ಜಾಗಕ್ಕೆ ಇನ್ನೊಂದು ಆಗದು

ಡಿಡಿಆರ್4 ಮಾನದಂಡ 2012ರಲ್ಲಿ, ಡಿಡಿಆರ್5 2020ರ ಜುಲೈನಲ್ಲಿ ಬಂತು. ಲ್ಯಾಪ್‌ಟಾಪಿನ ಡಿಡಿಆರ್4 ಪಟ್ಟಿಗೆ 260 ಪಿನ್, 1.2 ವೋಲ್ಟ್. ಡಿಡಿಆರ್5ಕ್ಕೆ 262 ಪಿನ್, 1.1 ವೋಲ್ಟ್. ನಡುವಿನ ಕಚ್ಚಿನ ಜಾಗವೂ ಬೇರೆ. ಒತ್ತಿ ಕೂರಿಸಲು ಹೋದರೆ ಸ್ಲಾಟೇ ಮುರಿದೀತು. ಪಟ್ಟಿಯ ಮೇಲಿನ ಸ್ಟಿಕ್ಕರಿನಲ್ಲಿ ಪಿಸಿ4 ಎಂದಿದ್ದರೆ ಡಿಡಿಆರ್4, ಪಿಸಿ5 ಎಂದಿದ್ದರೆ ಡಿಡಿಆರ್5.

ಎಲ್‌ಪಿ ಎಂದು ಸೇರಿದರೆ ಕಡಿಮೆ ವಿದ್ಯುತ್ತಿನ ರ‍್ಯಾಮ್ ಎಂದರ್ಥ. ಮೊಬೈಲಿಗೆಂದು ಹುಟ್ಟಿದ ಎಲ್‌ಪಿಡಿಡಿಆರ್ ಈಗ ತೆಳು ಲ್ಯಾಪ್‌ಟಾಪ್‌ಗಳಿಗೂ ಬಂದಿದೆ. ಎಲ್‌ಪಿಡಿಡಿಆರ್5ಎಕ್ಸ್ 2021ರಲ್ಲಿ, ಎಲ್‌ಪಿಡಿಡಿಆರ್6 ಮಾನದಂಡ 2025ರ ಜುಲೈನಲ್ಲಿ ಪ್ರಕಟವಾಯಿತು. ಡಿಡಿಆರ್6ರ ಕೆಲಸವೂ ನಡೆದಿದೆ.

ಬೆಸುಗೆ ಯಾಕೆ ಹಾಕುತ್ತಾರೆ?

ಬರೀ ಕಂಪನಿಯ ಜಿಪುಣತನ ಅಲ್ಲ. ವೇಗ ಹೆಚ್ಚಿದಷ್ಟೂ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ ಗಿಡ್ಡ ಇರಬೇಕು. ಹಳೇ ಮಾದರಿಯ ಸ್ಲಾಟಿನಲ್ಲಿ ದಾರಿ ಉದ್ದ, ಸಂಕೇತ ಕೆಡುತ್ತದೆ. ಬೆಸುಗೆ ಹಾಕಿದರೆ ವೇಗ ಸಿಗುತ್ತದೆ, ಬ್ಯಾಟರಿ ಉಳಿಯುತ್ತದೆ, ದಪ್ಪ ಕಡಿಮೆಯಾಗುತ್ತದೆ.

ನಷ್ಟ ಗಿರಾಕಿಗೆ ಮತ್ತು ರಿಪೇರಿ ಅಂಗಡಿಗೆ. ನಮ್ಮ ಕಡೆ ಮಳೆಗಾಲದ ಥಂಡಿಗೆ ರ‍್ಯಾಮಿನ ಪಿನ್ನಿಗೆ ಕಿಲುಬು ಹಿಡಿದರೆ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಹತ್ತು ನಿಮಿಷದ ಕೆಲಸ. ಬೆಸುಗೆ ಹಾಕಿದ ಚಿಪ್ ಕೆಟ್ಟರೆ ಹಾಗಲ್ಲ. ಅದನ್ನು ಬಿಚ್ಚಿ ಕೂರಿಸಲು ಬೇರೆಯೇ ಯಂತ್ರ, ಪಳಗಿದ ಕೈ ಬೇಕು. ಇಲ್ಲವಾದರೆ ಮದರ್‌ಬೋರ್ಡನ್ನೇ ಬದಲಿಸಬೇಕು.

ಕ್ಯಾಮ್2: ನಡುವಿನ ದಾರಿ

ಇದಕ್ಕೊಂದು ಉತ್ತರ ಕ್ಯಾಮ್2. 2022ರಲ್ಲಿ ಡೆಲ್ ತನ್ನ ಪ್ರಿಸಿಷನ್ ಲ್ಯಾಪ್‌ಟಾಪಿನಲ್ಲಿ ತಂದ ವಿನ್ಯಾಸವನ್ನು ಆಧರಿಸಿ ಜೆಡೆಕ್ 2023ರ ಡಿಸೆಂಬರ್‌ನಲ್ಲಿ ಮಾನದಂಡ ಪ್ರಕಟಿಸಿತು. ಪಟ್ಟಿಯನ್ನು ಸ್ಲಾಟಿಗೆ ತೂರಿಸುವ ಬದಲು ಬೋರ್ಡಿನ ಮೇಲೆ ಚಪ್ಪಟೆಯಾಗಿಟ್ಟು ಸ್ಕ್ರೂ ಬಿಗಿಯುವುದು ಇದರ ರೀತಿ. ಇದರಲ್ಲೇ ಎಲ್‌ಪಿಕ್ಯಾಮ್2 ಎಂಬ ಬಗೆ ಎಲ್‌ಪಿಡಿಡಿಆರ್ ಚಿಪ್‌ಗಳಿಗಾಗಿ ಇದೆ. ಬೆಸುಗೆಯ ರ‍್ಯಾಮಿನ ವೇಗವೂ ಸಿಗುತ್ತದೆ, ಬಿಚ್ಚಿ ಬದಲಿಸಲೂ ಬರುತ್ತದೆ. ಲೆನೊವೊ 2024ರಲ್ಲಿ ಥಿಂಕ್‌ಪ್ಯಾಡ್ ಪಿ1 ಮಾದರಿಗೆ ಇದನ್ನು ಹಾಕಿತು. ಆದರೆ ಸದ್ಯಕ್ಕೆ ಇದು ದುಬಾರಿ ಯಂತ್ರಗಳಲ್ಲೇ ಇದೆ. ಸಾಮಾನ್ಯ ಬೆಲೆಯ ಲ್ಯಾಪ್‌ಟಾಪಿಗೆ ಇಳಿದರೆ ಮಾತ್ರ ರಿಪೇರಿ ಅಂಗಡಿಗಳಿಗೆ ಈ ಕೆಲಸ ಉಳಿದೀತು.

ಬೆಲೆ ಯಾಕೆ ಏರಿತು?

ಎಐ ಸರ್ವರುಗಳಿಗೆ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಬೇಕು. ಅಷ್ಟೇ ಜಿಬಿಯ ಡಿಡಿಆರ್5ಗೆ ಬೇಕಾಗುವುದಕ್ಕಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಅದಕ್ಕೆ ಖರ್ಚಾಗುತ್ತದೆ ಎಂದು ಮೈಕ್ರಾನ್ ಹೇಳಿದೆ. ಅಡಿಕೆ ಬೆಳೆಗಾರರಿಗೆ ಇದು ಅರ್ಥವಾಗದ ಸಂಗತಿಯಲ್ಲ. ತೋಟ ಒಂದೇ, ಹಸಿ ಕೊನೆ ಕೊಯ್ದು ರಾಶಿ ಮಾಡಿದರೆ ಚಾಲಿಗೆ ಅಡಿಕೆ ಉಳಿಯುವುದಿಲ್ಲ. ಲಾಭ ಹೆಚ್ಚಿರುವ ಕಡೆಗೆ ಕಾರ್ಖಾನೆ ತಿರುಗಿದೆ, ಸಾಮಾನ್ಯ ರ‍್ಯಾಮ್ ಕೊರತೆಯಾಗಿದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಬಿಡಿ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಳೇ ಡಿಡಿಆರ್4 ಅಗ್ಗವಾಗಿರುತ್ತದೆ ಎಂಬ ನಂಬಿಕೆಯೂ ಸುಳ್ಳಾಗಿದೆ. ಉತ್ಪಾದನೆ ಇಳಿಸುವ ಸುದ್ದಿ ಬಂದದ್ದೇ 2025ರಲ್ಲಿ ಅದರ ಬೆಲೆಯೂ ಜಿಗಿಯಿತು.

ಮೈಕ್ರಾನ್ ಗುಜರಾತಿನ ಸಾನಂದದಲ್ಲಿ ಘಟಕ ಕಟ್ಟುವುದಾಗಿ 2023ರಲ್ಲಿ ಘೋಷಿಸಿತ್ತು. ಆದರೆ ಅಲ್ಲಿನದು ಚಿಪ್ ಜೋಡಿಸಿ ಪರೀಕ್ಷಿಸುವ ಕೆಲಸ. ಅದರಿಂದಲೇ ಇಲ್ಲಿನ ಬೆಲೆ ತಟ್ಟನೆ ಇಳಿಯುತ್ತದೆ ಎನ್ನುವಂತಿಲ್ಲ.

ಮೊಬೈಲಿನಲ್ಲಿ ಏನು ನೋಡಬೇಕು?

ಮೊಬೈಲಿನ ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ. ಜಾಹೀರಾತಿನಲ್ಲಿ "8 ಜಿಬಿ + 8 ಜಿಬಿ" ಎಂದಿದ್ದರೆ ಎರಡನೆಯದು ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನ ಒಂದು ಭಾಗವನ್ನು ರ‍್ಯಾಮಿನಂತೆ ಬಳಸುವುದು. ಅದರ ವೇಗ ಬಹಳ ಕಡಿಮೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಮೊದಲ ಅಂಕಿಯನ್ನು ಮಾತ್ರ.

ಸ್ಟೋರೇಜಿನಲ್ಲೂ ಎರಡು ಬಗೆ. ಇಎಂಎಂಸಿ ಹಳೆಯದು, ಓದುವುದು ಮತ್ತು ಬರೆಯುವುದು ಒಂದಾದ ಮೇಲೊಂದು. ಯುಎಫ್‌ಎಸ್‌ನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಸಾಧ್ಯವಾದರೆ ಯುಎಫ್‌ಎಸ್ ಇರುವ ಫೋನೇ ಇರಲಿ.

ಕೊಳ್ಳುವವರಿಗೆ, ಮಾರುವವರಿಗೆ

* ರ‍್ಯಾಮ್ ಬೆಸುಗೆಯದೋ, ಸ್ಲಾಟಿನದೋ, ಖಾಲಿ ಸ್ಲಾಟ್ ಇದೆಯೋ ಎಂದು ಕೇಳಿ. ಕೆಲವು ಮಾದರಿಗಳಲ್ಲಿ 8 ಜಿಬಿ ಬೆಸುಗೆ ಇದ್ದು ಒಂದು ಸ್ಲಾಟ್ ಖಾಲಿ ಇರುತ್ತದೆ.
* ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಫಾರ್ಮ್ ಫ್ಯಾಕ್ಟರ್ ಎದುರು ಸೋಡಿಮ್ ಎಂದಿದ್ದರೆ ಬದಲಿಸಬಹುದು. ರೋ ಆಫ್ ಚಿಪ್ಸ್ ಎಂದಿದ್ದರೆ ಬೆಸುಗೆ.
* ಬೆಸುಗೆಯದಾದರೆ ಮೊದಲೇ 16 ಜಿಬಿ ಇರುವುದನ್ನು ತೆಗೆದುಕೊಳ್ಳುವುದು ಒಳ್ಳೆಯದು. ದುಡ್ಡು ಸಾಲದಿದ್ದರೆ ಎಸ್‌ಎಸ್‌ಡಿ ಸಣ್ಣದಿರಲಿ. ಅದನ್ನು ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೆ ಬದಲಿಸಬಹುದು.
* ಹಳೇ ಲ್ಯಾಪ್‌ಟಾಪಿನ ಡಿಡಿಆರ್4 ಪಟ್ಟಿ ಎಸೆಯಬೇಡಿ. ಅದಕ್ಕೆ ಈಗ ಬೆಲೆಯಿದೆ.
* ಅಂಗಡಿಯವರು ಬಿಲ್ಲಿನಲ್ಲಿ ರ‍್ಯಾಮಿನ ಬಗೆಯನ್ನೂ, ಬೆಸುಗೆಯೋ ಸ್ಲಾಟೋ ಎಂಬುದನ್ನೂ ಬರೆದುಕೊಟ್ಟರೆ ಮುಂದಿನ ತಕರಾರು ತಪ್ಪುತ್ತದೆ.