ಗಂಧಕ ತುಕ್ಕು (ಕಂಪ್ಯೂಟರ್)

ಕೆಟ್ಟ ಭಾಗ ಒಂದು, ಕೆಡಿಸಿದ ಕಾರಣ ಇನ್ನೊಂದು ಎಂಬಂತೆ ರಿಪೇರಿಯವರನ್ನು ದಾರಿ ತಪ್ಪಿಸುವ ಯಂತ್ರಾಂಶ ದೋಷಗಳಲ್ಲಿ ಗಂಧಕ ತುಕ್ಕು ಮುಖ್ಯವಾದುದು. ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಬೋರ್ಡಿನ ತಾಮ್ರ, ಬೆಳ್ಳಿಗಳನ್ನು ಕಪ್ಪು ಸಲ್ಫೈಡ್ ಆಗಿ ಮಾರ್ಪಡಿಸುವುದೇ ಇದರ ಮೂಲ.

ಭಾರತದಲ್ಲಿ ಇದು ಸುದ್ದಿಯಾದದ್ದು ಮುಂಬಯಿಯ ಮಲಾಡ್ ಪಶ್ಚಿಮದಲ್ಲಿ. ಹಿಂದೆ ನಗರದ ಕಸ ಸುರಿಯುತ್ತಿದ್ದ ಪ್ರದೇಶದಲ್ಲಿ ಮೈಂಡ್‌ಸ್ಪೇಸ್ ಕಚೇರಿ ಸಮುಚ್ಚಯ ಎದ್ದು, ಕಾಲ್ ಸೆಂಟರುಗಳು ಬಂದವು. ದುರ್ವಾಸನೆಯ ಜೊತೆಗೆ ಕಂಪ್ಯೂಟರ್, ಎ.ಸಿ.ಗಳು ಅಕಾಲದಲ್ಲಿ ಕೆಡುತ್ತಿವೆ ಎಂಬ ದೂರುಗಳೂ ಕೇಳಿಬಂದವು. ಹೂತ ಕಸ ಆಮ್ಲಜನಕವಿಲ್ಲದೆ ಕೊಳೆಯುವಾಗ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಈ ಅನಿಲವಾಗಿಸುತ್ತವೆ. ಕಸ ಹಾಕುವುದು ನಿಂತ ಮೇಲೂ ಅದು ವರ್ಷಗಟ್ಟಲೆ ಹೊಮ್ಮುತ್ತಿರುತ್ತದೆ.

ಲಕ್ಷಣಗಳು ಮೋಸದವು. ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ರ‍್ಯಾಮ್ ಸಿಗುವುದಿಲ್ಲ, ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತದೆ. ರ‍್ಯಾಮ್ ತೆಗೆದು ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸುವುದು ನಮ್ಮ ಮೆಕ್ಯಾನಿಕ್‌ಗಳ ಹಳೆಯ ಮದ್ದು. ಯಂತ್ರ ಎದ್ದು ಕೂರುತ್ತದೆ; ರೋಗ ರ‍್ಯಾಮಿನದೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಕೆಲವು ಚಿಪ್ ರೆಸಿಸ್ಟರ್‌ಗಳಲ್ಲಂತೂ ಒಳಗಿನ ಬೆಳ್ಳಿಯ ಪದರ ಸಲ್ಫೈಡ್ ಆಗಿ ಸಂಪರ್ಕ ಕಡಿದರೂ ಬರಿಗಣ್ಣಿಗೆ ಏನೂ ಕಾಣದಿರಬಹುದು. ತೇವ ಹೆಚ್ಚಿದಷ್ಟೂ ತುಕ್ಕು ಚುರುಕಾಗುವುದರಿಂದ ಮುಂಬಯಿ ಮಳೆಗಾಲ ಇದಕ್ಕೆ ಅನುಕೂಲ. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ವಿದ್ಯುನ್ಮಾನ ಸಾಧನಗಳಲ್ಲಿನ ಸೀಸಕ್ಕೆ ಕಡಿವಾಣ ಹಾಕಿದ ಬಳಿಕ ಸೀಸ ಬೆರೆತ ಲೇಪನದ ಬದಲು ಬೆಳ್ಳಿ ಲೇಪಿಸಿದ ಬೋರ್ಡುಗಳು ಹೆಚ್ಚಿದವು. ಅವುಗಳ ಅಂಚಿನಿಂದ ಸಲ್ಫೈಡ್ ಹರಿದು ಪಕ್ಕದ ಗೆರೆಯನ್ನು ಮುಟ್ಟಿದರೆ ಶಾರ್ಟ್.

ಬಿಡಿಭಾಗ ಬದಲಿಸುತ್ತ ಹೋಗುವುದು ಇಲ್ಲಿ ದುಬಾರಿ ಹಾದಿ. ಒಂದು ಯಂತ್ರ ಕೆಟ್ಟರೆ ಯಂತ್ರವನ್ನು ಶಂಕಿಸಬಹುದು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ಕೋಣೆಯಲ್ಲಿ ಕೆಡುತ್ತಿದ್ದರೆ ಕೋಣೆಯನ್ನೇ ಶಂಕಿಸಬೇಕು. ಪರೀಕ್ಷೆ ಸರಳ: ತಾಮ್ರ ಮತ್ತು ಬೆಳ್ಳಿಯ ಪುಟ್ಟ ಪಟ್ಟಿಗಳನ್ನು ಒಂದು ತಿಂಗಳು ತೂಗುಹಾಕಿ, ಕಟ್ಟಿದ ತುಕ್ಕನ್ನು ಅಳೆಯುತ್ತಾರೆ. ಐ.ಎಸ್.ಎ. 71.04 ಮಾನದಂಡದ ಪ್ರಕಾರ ತಾಮ್ರದ ಮೇಲೆ ತಿಂಗಳಿಗೆ 300 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದರೆ ಗಾಳಿ ಸೌಮ್ಯ.

ಎ.ಸಿ.ಯ ಮಾಮೂಲಿ ಜಾಲರಿ ಧೂಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಸಕ್ರಿಯ ಇದ್ದಿಲು ಅಥವಾ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಊಡಿದ ಅಲ್ಯೂಮಿನಾ ಹರಳುಗಳ ಮೂಲಕ ಗಾಳಿಯನ್ನು ಹಾಯಿಸಿ, ಕೋಣೆಯ ಒತ್ತಡವನ್ನು ಹೊರಗಿನದಕ್ಕಿಂತ ತುಸು ಹೆಚ್ಚಿಗೆ ಇಡಬೇಕು. ಹರಳುಗಳ ಶಕ್ತಿ ತೀರಿದಾಗ ಬದಲಿಸಲೂಬೇಕು.