ಆಣೆ, ಟೂ ಮತ್ತು ಆಟದ ಮಾತುಗಳು

ಮಕ್ಕಳು ಮಾತು ಕೊಡಲು, ಮುನಿಯಲು, ರಾಜಿಯಾಗಲು ಬಳಸುವ ರೂಢಿಯ ನುಡಿಗಳು ಮತ್ತು ಕೈಸನ್ನೆಗಳು. ಇವನ್ನು ಯಾರೂ ಪಾಠ ಮಾಡುವುದಿಲ್ಲ. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಆಟದಲ್ಲೇ ದಾಟುತ್ತವೆ.

ಆಣೆ: ‘ದೇವರಾಣೆ’, ‘ಅಮ್ಮನಾಣೆ’ ಸಾಮಾನ್ಯ ರೂಪಗಳು. ಗಂಟಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೋ, ಎದುರಿಗಿದ್ದವರ ತಲೆ ಮೇಲೆ ಕೈಯಿಟ್ಟೋ ಹೇಳುತ್ತಾರೆ. ಸುಳ್ಳಾಣೆಯಿಂದ ಹೆಸರೆತ್ತಿದವರಿಗೇ ಕೇಡೆಂಬ ನಂಬಿಕೆಯಿರುವುದರಿಂದ ಹಿರಿಯರು ಗದರುತ್ತಾರೆ. ಈಚಿನ ತಲೆಮಾರುಗಳಲ್ಲಿ ‘ಗಾಡ್ ಪ್ರಾಮಿಸ್’, ‘ಮದರ್ ಪ್ರಾಮಿಸ್’, ಕಿರುಬೆರಳು ಹೆಣೆಯುವ ‘ಪಿಂಕಿ ಪ್ರಾಮಿಸ್’ ಸೇರಿಕೊಂಡಿವೆ. ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿಯ ಕಥೆ ಹೇಳುವ ‘ಗೋವಿನ ಹಾಡು’ ಇದೇ ವಯಸ್ಸಿನವರ ಹಾಡು.

ಟೂ: ಮಾತು ಬಿಡುವುದು ‘ಟೂ’, ಮತ್ತೆ ಕೂಡಿಕೊಳ್ಳುವುದು ‘ಸೇ’. ಇದೇ ಮುನಿಸಿಗೆ ತಮಿಳು ಮಕ್ಕಳಲ್ಲಿ ‘ಕಾಯ್’, ಹಿಂದಿಯವರಲ್ಲಿ ‘ಕಟ್ಟಿ’ ಎಂಬ ಮಾತಿದೆ.

ಆಟದ ಮಾತು: ಜೂಟಾಟದಲ್ಲಿ ಉಸಿರು ತಗೊಳ್ಳಲು ‘ಟೈಂ ಪ್ಲೀಸ್’ ಎಂದರೆ ಯಾರೂ ಮುಟ್ಟುವಂತಿಲ್ಲ. ಓಡಲಾಗದ ಪುಟ್ಟ ತಮ್ಮ, ತಂಗಿಯರು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಅಂಗಿಯ ಅಂಚಿನಲ್ಲಿ ಪೆಪ್ಪರ್‌ಮೆಂಟ್ ಸುತ್ತಿ ಕಚ್ಚಿ ಹಂಚಿದರೆ ಅದು ‘ಕಾಗೆ ಎಂಜಲು’, ಅದಕ್ಕೆ ಮೈಲಿಗೆಯಿಲ್ಲ.

ಹೋಲಿಕೆ: ಬ್ರಿಟನ್ನಿನ ಮಕ್ಕಳ ಇಂಥ ಆಣೆ, ಕದನವಿರಾಮದ ಮಾತುಗಳನ್ನು ಐಯೋನಾ ಮತ್ತು ಪೀಟರ್ ಓಪಿ ದಂಪತಿ 1959ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಜಪಾನಿನಲ್ಲಿ ಕಿರುಬೆರಳಿನ ಆಣೆಯನ್ನು ‘ಯುಬಿಕಿರಿ’ ಎನ್ನುತ್ತಾರೆ.