ಎರಡು ನಿಘಂಟುಗಳ ನಡುವಿನ ಊರು

ಕನ್ನಡಕ್ಕೆ ಕಿಟ್ಟೆಲ್, ಮಲಯಾಳಕ್ಕೆ ಗುಂಡರ್ಟ್ ಎಂದು ನಾವು ಆ ಇಬ್ಬರು ಜರ್ಮನರನ್ನು ಪಾಲು ಮಾಡಿಕೊಂಡು ಬಹಳ ಕಾಲವಾಯಿತು. ಬೆಂಗಳೂರಿನಲ್ಲಿ ಒಬ್ಬರ ಪ್ರತಿಮೆ, ತಲಶ್ಶೇರಿಯಲ್ಲಿ ಇನ್ನೊಬ್ಬರದು. ಕನ್ನಡಿಗರ ಸಭೆಯಲ್ಲಿ ಗುಂಡರ್ಟರ ಹೆಸರು ಬರುವುದಿಲ್ಲ, ಮಲಯಾಳಿಗಳ ಸಭೆಯಲ್ಲಿ ಕಿಟ್ಟೆಲರದು ಬರುವುದಿಲ್ಲ. ಎರಡು ಭಾಷೆಗಳನ್ನು ಒಂದೇ ರಟ್ಟಿನೊಳಗೆ ಹೊಲಿಯುವ ಈ ಸಂಚಿಕೆಯಲ್ಲಾದರೂ ಅವರಿಬ್ಬರನ್ನು ಒಟ್ಟಿಗೆ ಕೂರಿಸಬೇಕೆಂದು ನನ್ನ ಆಸೆ. ಅವರ ಸಂಶೋಧನೆ ನಡೆದ ರೀತಿಯನ್ನು ನೋಡಿದರೆ, ಒಬ್ಬರ ಕೆಲಸ ಇನ್ನೊಬ್ಬರ ಭಾಷೆಯಿಲ್ಲದೆ ಸಾಗುವಂತಿರಲಿಲ್ಲ ಎಂಬುದು ಗೊತ್ತಾಗುತ್ತದೆ.

ನಾನು ಭಾಷಾಶಾಸ್ತ್ರಜ್ಞನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಅಲ್ಲಿ ಒಬ್ಬರು ‘ಹಣ’ ಕಟ್ಟುತ್ತಾರೆ, ಅವರ ಹಿಂದೆ ನಿಂತವರು ‘ಪಣಂ’ ತೆಗೆಯುತ್ತಾರೆ. ದಿನಕ್ಕೆ ನೂರು ಸಲ ಇದನ್ನು ಕೇಳುವವನಿಗೆ ‘ಹ’ ಮತ್ತು ‘ಪ’ಗಳ ನಡುವಿನ ಸಂಬಂಧವೇನೆಂಬ ಕುತೂಹಲ ಹುಟ್ಟಿದರೆ ಆಶ್ಚರ್ಯವಿಲ್ಲ. (ಈ ಶಬ್ದದ ಮೂಲ ಸಂಸ್ಕೃತವೋ ದ್ರಾವಿಡವೋ ಎಂಬ ಚರ್ಚೆ ಬೇರೆಯೇ ಇದೆ. ಅದು ನಗದು ವಿಭಾಗದ ವ್ಯಾಪ್ತಿಗೆ ಮೀರಿದ್ದು!)

ಹರ್ಮನ್ ಗುಂಡರ್ಟ್ 1814ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದರು. 1836ರಲ್ಲಿ ಭಾರತಕ್ಕೆ ಬಂದು, 1839ರಿಂದ ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ನೆಲೆಸಿದರು. 1847ರಲ್ಲಿ ಅಲ್ಲಿಂದ ‘ರಾಜ್ಯಸಮಾಚಾರಂ’ ಹೊರಟಿತು. ಫರ್ಡಿನೆಂಡ್ ಕಿಟ್ಟೆಲ್ ಅವರಿಗಿಂತ ಹದಿನೆಂಟು ವರ್ಷ ಕಿರಿಯರು, ಬಂದದ್ದು 1853ರಲ್ಲಿ. ಇಬ್ಬರೂ ಬಾಸೆಲ್ ಮಿಷನ್ನಿನವರು. ಇಬ್ಬರೂ ಬಂದದ್ದು ಮತಪ್ರಚಾರಕ್ಕೆ. ಅದನ್ನು ಮುಚ್ಚಿಟ್ಟು ಹೊಗಳುವ ಅಗತ್ಯವಿಲ್ಲ. ಆದರೆ ಬಂದ ಕೆಲಸಕ್ಕಿಂತ ಕೈಗೆ ಹತ್ತಿದ ಕೆಲಸವೇ ದೊಡ್ಡದಾದದ್ದೂ ನಿಜ.

ನಮ್ಮವರು ಹೆಚ್ಚಾಗಿ ಗಮನಿಸದ ಸಂಗತಿ ಒಂದಿದೆ. 1857ರಲ್ಲಿ ಸರಕಾರ ಗುಂಡರ್ಟರನ್ನು ಮಲಬಾರ್ ಮತ್ತು ಕೆನರಾ ಎರಡಕ್ಕೂ ಶಾಲಾ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತು. ಕಾಸರಗೋಡು ಆಗ ಕೆನರಾದಲ್ಲಿತ್ತು. ಎಂದರೆ ಮಲಯಾಳ ನಿಘಂಟಿನ ಕರ್ತೃ ನಮ್ಮ ಪ್ರದೇಶದ ಶಾಲೆಗಳ ಮೇಲ್ವಿಚಾರಕರೂ ಆಗಿದ್ದರು. ಅನಾರೋಗ್ಯದಿಂದಾಗಿ 1859ರಲ್ಲಿ ಅವರು ಊರಿಗೆ ಮರಳಬೇಕಾಯಿತು. ನಿಘಂಟಿನ ಕೆಲಸ ಮುಂದುವರಿದದ್ದು ಜರ್ಮನಿಯ ಕಾಲ್ವ್ ಎಂಬ ಸಣ್ಣ ಪಟ್ಟಣದಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಹುಟ್ಟಿದ್ದು ಅದೇ ಊರಿನಲ್ಲಿ. ಅವರು ಗುಂಡರ್ಟರ ಮಗಳ ಮಗ.

ನನಗೆ 1872ನೆಯ ಇಸವಿ ಬಹಳ ಮುಖ್ಯವೆಂದು ತೋರುತ್ತದೆ. ಸಾವಿರ ಪುಟ ಮೀರಿದ ಗುಂಡರ್ಟರ ಮಲಯಾಳ ನಿಘಂಟು ಆ ವರ್ಷ ಪ್ರಕಟವಾಯಿತು. ಎಲ್ಲಿಂದ? ತಲಶ್ಶೇರಿಯಿಂದಲೋ ಕೋಯಿಕ್ಕೋಡಿನಿಂದಲೋ ಅಲ್ಲ, ಮಂಗಳೂರಿನಿಂದ. ಅದೇ ವರ್ಷ ಅದೇ ಮಂಗಳೂರಿನಿಂದ ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ ಬಂತು. ಅದೇ ವರ್ಷ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯ ಮೊದಲ ಸಂಪುಟದಲ್ಲಿ ಕಿಟ್ಟೆಲರ ಒಂದು ಲೇಖನ ಬಂತು. ಸಂಸ್ಕೃತ ನಿಘಂಟುಗಳಲ್ಲಿರುವ ದ್ರಾವಿಡ ಅಂಶಗಳ ಕುರಿತು. ಮೂರು ವರ್ಷ ಮೊದಲು, 1869ರಲ್ಲಿ, ಗುಂಡರ್ಟ್ ಇದೇ ವಿಷಯವನ್ನು ಜರ್ಮನ್ ಭಾಷೆಯಲ್ಲಿ ಬರೆದಿದ್ದರು. ಎರವಲು ಒಂದೇ ದಿಕ್ಕಿನಿಂದ ಬಂದದ್ದಲ್ಲ, ನಮ್ಮ ಭಾಷೆಗಳೂ ಸಂಸ್ಕೃತಕ್ಕೆ ಶಬ್ದ ಕೊಟ್ಟಿವೆ ಎಂಬುದು ಇಬ್ಬರ ವಾದ. ಸಂಸ್ಕೃತದ ‘ನೀರ’, ‘ಮೀನ’ ಶಬ್ದಗಳು ದಕ್ಷಿಣದಿಂದ ಹೋದವೆಂಬುದು ಇಂದು ಅನೇಕ ವಿದ್ವಾಂಸರು ಒಪ್ಪುವ ಮಾತು. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದು ದಾರಿ ತೆರೆದಿದ್ದರು ನಿಜ. ಆದರೆ ದಾರಿ ತೆರೆದ ಮಾತ್ರಕ್ಕೆ ಪುರಾವೆ ತುಂಬುವುದಿಲ್ಲ. ಒಂದೊಂದೇ ಶಬ್ದ ಹೆಕ್ಕಿ, ಅದು ಯಾವ ಊರಿನಲ್ಲಿ ಯಾರ ಬಾಯಲ್ಲಿ ಇದೆಯೆಂದು ಗುರುತು ಹಾಕುವ ದುಡಿಮೆ ಬೇಕು. ಅದನ್ನು ಮಾಡಿದವರು ಇವರು. ಇವರಿಗೆ ಶಬ್ದ ಹೇಳಿಕೊಟ್ಟ ಊರಿನ ಪಂಡಿತರು, ರೈತರು, ಮೀನುಗಾರರು, ಹೆಂಗಸರು ಬಹುಪಾಲು ಹೆಸರಿಲ್ಲದೆ ಹೋದರೆಂಬುದು ನನಗೆ ಸದಾ ಕೊರಗು.

ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ, ಮತ್ತೆ ಮಂಗಳೂರಿನಿಂದ. 1,700 ಪುಟ ಮೀರಿದ, ಸುಮಾರು 70,000 ಶಬ್ದಗಳ ಗ್ರಂಥ. ಗುಂಡರ್ಟ್ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ನಿಘಂಟನ್ನು ಬಿಡಿಸಿ ‘ಕಿವಿ’ ಎಂಬಲ್ಲಿ ನೋಡಿ. ಅರ್ಥದ ಜತೆಗೆ ತುಳುವಿನ ‘ಕೆಬಿ’, ಮಲಯಾಳ-ತಮಿಳುಗಳ ‘ಚೆವಿ’ ಕೂಡ ಇವೆ. ಗುಂಡರ್ಟರ ನಿಘಂಟಿನಲ್ಲೂ ನೆರೆಯ ಭಾಷೆಗಳ ರೂಪಗಳು ಹೀಗೆಯೇ ಬರುತ್ತವೆ. ಇದು ಪಾಂಡಿತ್ಯ ಪ್ರದರ್ಶನವಲ್ಲ. ಒಂದು ಭಾಷೆಯೊಳಗೇ ಕುಳಿತರೆ ಯಾವ ರೂಪ ಹಳೆಯದು, ಯಾವುದು ಹೊಸದು ಎಂದು ಹೇಳುವ ಉಪಾಯ ಬಹಳ ಸಲ ಇರುವುದೇ ಇಲ್ಲ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಾಲು, ಹಲ್ಲು, ಹುಲಿ, ಹಾವು, ಹತ್ತು. ಇವಕ್ಕೆ ಮಲಯಾಳದಲ್ಲಿ ಪಾಲ್, ಪಲ್ಲ್, ಪುಲಿ, ಪಾಂಬ್, ಪತ್ತ್. ಹಳಗನ್ನಡದಲ್ಲಿಯೂ ಪಾಲ್, ಪಲ್, ಪುಲಿ, ಪಾವು, ಪತ್ತು ಎಂದೇ ಇತ್ತು. ಹತ್ತನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಈ ‘ಪ’ ‘ಹ’ಕ್ಕೆ ತಿರುಗುವುದು ಕಾಣತೊಡಗುತ್ತದೆ. ಕನ್ನಡ ಬಿಟ್ಟದ್ದನ್ನು ಮಲಯಾಳ ಇಟ್ಟುಕೊಂಡಿತು. ಹಾಗೆಂದು ಮಲಯಾಳವೇ ಹಳೆಯದೆಂದು ಯಾರೂ ಬೀಗಬೇಕಾಗಿಲ್ಲ. ಈಗ ಕಿವಿ, ಕೆರೆ, ಕಿರು ತೆಗೆದುಕೊಳ್ಳಿ. ಮಲಯಾಳದಲ್ಲಿ ಚೆವಿ, ಚಿರ, ಚೆರು. ಇಲ್ಲಿ ಹಳೆಯದನ್ನು ಉಳಿಸಿಕೊಂಡದ್ದು ಕನ್ನಡ; ‘ಇ’ ಮತ್ತು ‘ಎ’ಗಳ ಮುಂದೆ ‘ಕ’ವನ್ನು ‘ಚ’ ಮಾಡಿದ್ದು ಮಲಯಾಳ ಮತ್ತು ತಮಿಳು. ಕಣ್ಣು, ಕಾಲುಗಳಲ್ಲಿ ಆ ಸ್ವರಗಳಿಲ್ಲ, ಹಾಗಾಗಿ ಎರಡೂ ಕಡೆ ‘ಕ’ವೇ. ಹಾಗಾದರೆ ನಮ್ಮ ಗಿಳಿ ಅಲ್ಲಿ ‘ಚಿಳಿ’ ಆಗದೆ ‘ಕಿಳಿ’ಯಾಗಿಯೇ ಏಕೆ ಉಳಿಯಿತು ಎಂದು ಜಾಣ ಓದುಗರು ಕೇಳಬಹುದು. ಮುಂದೆ ಮೂರ್ಧನ್ಯಾಕ್ಷರ ಬಂದರೆ ಆ ‘ಕ’ ಬದಲಾಗುವುದಿಲ್ಲ. ‘ಕೇಳು’ ಕೂಡ ಹಾಗೆಯೇ. ಇಷ್ಟು ಕಟ್ಟುನಿಟ್ಟಾದ ನಿಯಮ ನಮ್ಮ ಅಡುಗೆಮನೆಯ ಮಾತಿನೊಳಗೆ ಕುಳಿತಿದೆಯೆಂದು ತಿಳಿದಾಗ ನನಗೆ ಆದ ಸಂತೋಷ, ವರ್ಷಾಂತ್ಯದ ಲೆಕ್ಕ ಪೈಸೆ ತಪ್ಪದೆ ತಾಳೆಯಾದಾಗಿನ ಸಂತೋಷದಂಥದು.

ಇನ್ನು ‘ೞ’. ಕನ್ನಡದಲ್ಲಿ ಈ ಅಕ್ಷರ ಸತ್ತು ಶತಮಾನಗಳಾದವು. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಕ್ಕೇ ಜನ ‘ಳ’ ಯಾವುದು ‘ೞ’ ಯಾವುದೆಂದು ತೊಡಕಿಗೆ ಬಿದ್ದಿದ್ದರು; ಆದ್ದರಿಂದಲೇ ಆತ ‘ೞ’ ಇರುವ ಶಬ್ದಗಳ ಪಟ್ಟಿಯನ್ನು ಕೊಡಬೇಕಾಯಿತು. ‘ಆಳು’ ಎಂಬ ಸೇವಕನಿಗೂ ‘ಆಳ’ ಎಂಬ ತಗ್ಗಿಗೂ ಇಂದಿನ ಕನ್ನಡದಲ್ಲಿ ಒಂದೇ ‘ಳ’. ಮಲಯಾಳ ಮಾತನಾಡುವ ಯಾವ ಮಗುವೂ ‘ಆಳ್’ ಮತ್ತು ‘ಆೞಂ’ಗಳನ್ನು ಗೊಂದಲ ಮಾಡುವುದಿಲ್ಲ. ಮಳೆಗೆ ‘ಮೞ’, ಬಾಳೆಗೆ ‘ವಾೞ’, ಕೋಳಿಗೆ ‘ಕೋೞಿ’. ಹಳಗನ್ನಡದಲ್ಲಿ ಇವು ಮೞೆ, ಬಾೞೆ, ಕೋೞಿ.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಅದು ಕಾಗದದಲ್ಲಿಯೇ ಉಳಿಯಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ನಮ್ಮ ಮನೆಗಳಲ್ಲಿ ಹುಟ್ಟಿದ ಆತಂಕ ನ್ಯಾಯವಾದದ್ದು. ಮನೆಮಾತಿನ ಶಾಲೆ ನಮ್ಮ ಹಕ್ಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಆತಂಕದಲ್ಲಿ ನಮ್ಮಲ್ಲಿ ಕೆಲವರು ಮಕ್ಕಳ ಬಾಯಲ್ಲಿ ಮಲಯಾಳ ಕೇಳಿದರೆ ಕನ್ನಡ ಕೆಟ್ಟಿತೆಂದು ಗದರುವುದನ್ನು ಕಂಡಿದ್ದೇನೆ. ಅತ್ತ ಘಟ್ಟದ ಮೇಲಿನ ನೆಂಟರು ನಮ್ಮ ಕನ್ನಡವನ್ನು ‘ಮಿಶ್ರ’ವೆಂದು ನಗುವುದೂ ಉಂಟು. ಕಿಟ್ಟೆಲರ ಮೇಜಿನ ಮೇಲೆ ಇಂಥ ಮಿಶ್ರಣವೇ ಪುರಾವೆಯಾಗಿತ್ತು.

ಮುಂದಿನ ಕಥೆ ಚಿಕ್ಕದು. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ 1961ರಲ್ಲಿ ಬಂದು, 1984ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ಕನ್ನಡದ ಸಾಲಿಗೆ ಮುಖ್ಯ ಆಧಾರ ಕಿಟ್ಟೆಲ್, ಮಲಯಾಳದ ಸಾಲಿಗೆ ಗುಂಡರ್ಟ್. ಗುಂಡರ್ಟರ ಹಸ್ತಪ್ರತಿಗಳು ಇರುವುದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ. ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ.

ನಮ್ಮ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಹಳಗನ್ನಡದ ಪಾಠದಲ್ಲಿ ‘ಪೊಸ’, ‘ಪೞೆಯ’, ‘ಪೆಸರ್’ ಎಂದು ಬಂದಾಗ ಮಕ್ಕಳು ಮುಖ ಸಿಂಡರಿಸುತ್ತಾರಲ್ಲ, ಆಗ ಹಳತಿಗೆ ಮಲಯಾಳದಲ್ಲಿ ಏನನ್ನುತ್ತಾರೆಂದು ಕೇಳಿ ನೋಡಿ. ‘ಪೞಯ’ ಎಂದು ಅವರೇ ಹೇಳುತ್ತಾರೆ, ‘ೞ’ ಸಮೇತ.